ಅಕ್ಕ ಬರೆದ ಭತ್ತದ ತೆನೆ

ಪಕ್ಕದ ಅಂಗಡಿಯವರು ಶಟರಿಗೆ ಬಣ್ಣ ಹೊಡೆಸುತ್ತಿದ್ದರು. ಕಂಪ್ಯೂಟರ್ ಮುಂದೆ ಕೂತಿದ್ದ ನನ್ನ ಮೂಗಿಗೆ ಟರ್ಪೆಂಟೈನ್ ವಾಸನೆ ಬಡಿದದ್ದೇ ತಡ, ಹುಣಸೂರಿನ ನಮ್ಮ ಹಳೆಯ ಮನೆಯ ಜಗುಲಿ ಕಣ್ಣೆದುರು ಬಂದು ನಿಂತಿತು. ನಿಮ್ಮ ತವರಿಗೂ ಒಂದು ವಾಸನೆ ಇದ್ದಿರಬೇಕು, ಒಗ್ಗರಣೆಯದೋ ಕೊಟ್ಟಿಗೆಯದೋ. ನಮ್ಮದಕ್ಕೆ ಟರ್ಪೆಂಟೈನ್. ಅವ್ವನ ಬಸ್ಸಾರಿಗೂ ಅದೇ, ನಮ್ಮ ಜಡೆಗೂ ಅದೇ. ಅಪ್ಪ ಬೋರ್ಡು ಬರೆಯುತ್ತಿದ್ದ. ಬೇಕರಿಯದು, ಟೈಲರದು, ಗೊಬ್ಬರದ ಅಂಗಡಿಯದು ಎಂದು ಒಣಗಲು ನಿಲ್ಲಿಸಿದ ತಗಡಿನ ಬೋರ್ಡುಗಳ ನಡುವೆ ನಾವಿಬ್ಬರು ಹೆಣ್ಣುಮಕ್ಕಳು ಲಂಗ ಎತ್ತಿ ಹಿಡಿದು ಓಡಾಡಬೇಕಿತ್ತು. ಆ ಮನೆ ಈಗಿಲ್ಲ. ಅಲ್ಲಿ ಮೊಬೈಲ್ ಅಂಗಡಿಗಳ ಸಾಲು ಎದ್ದಿದೆ, ಎಲ್ಲಕ್ಕೂ ಫ್ಲೆಕ್ಸ್ ಬೋರ್ಡು. ಅದರಲ್ಲಿ ಎರಡು ನಾನೇ ಮಾಡಿಕೊಟ್ಟವು.

ಅಪ್ಪ ಮಾಡುತ್ತಿದ್ದುದನ್ನೇ ನಾನೂ ಮಾಡುತ್ತಿದ್ದೇನೆ, ಹೆಸರು ಮಾತ್ರ ಗ್ರಾಫಿಕ್ ಡಿಸೈನ್ ಎಂದಾಗಿದೆ. ಮದುವೆ ಕಾರ್ಡು, ಬೆಲ್ಲದ ಪೊಟ್ಟಣದ ಲೇಬಲ್, ಹೋಟೆಲಿನ ಮೆನು, ಶಾಲೆಯ ಲಾಂಛನ, ಸ್ಮರಣ ಸಂಚಿಕೆಯ ಮುಖಪುಟ, ಈಗೀಗ ಫೋನಿನಲ್ಲಿ ಹಂಚುವ ಹಬ್ಬದ ಶುಭಾಶಯ, ಎಲ್ಲವೂ ನನ್ನ ಮೇಜಿಗೆ ಬರುತ್ತವೆ. ಪಿರಿಯಾಪಟ್ಟಣದಿಂದ ಬಂದ ಗಿರಾಕಿಯೊಬ್ಬರು, "ಕಂಪ್ಯೂಟರೇ ಎಲ್ಲಾ ಮಾಡ್ಬುಡ್ತದೆ, ನೀವೇನ್ ಮಾಡ್ತೀರಿ ಮೇಡಂ?" ಎಂದು ಕೇಳಿದ್ದುಂಟು. ಅದಕ್ಕೆ ನನ್ನ ಹತ್ತಿರ ಇರುವ ಉತ್ತರ ಅಪ್ಪನದು. "ದೂರದಿಂದ ಬರೋನು ನಿಂತ್ಕಬೇಕು, ಹತ್ರ ಬಂದೋನ್ಗೆ ತಿಳೀಬೇಕು, ಅಷ್ಟೇಯ ಕಣವ್ವ. ಏನ್ ಬರೀಬೇಕು ಅನ್ನೋದ್ಕಿಂತ ಎಲ್ಲಿ ಜಾಗ ಬುಡಬೇಕು ಅನ್ನೋದು ನೋಡ್ಕೊ." ಈ ಮಾತನ್ನು ಅವನು ಹೇಳಿದ್ದು ಅಕ್ಕನಿಗೆ. ನಾನು ಪಕ್ಕದಲ್ಲಿ ಬಣ್ಣದ ಡಬ್ಬಿ ಕಲಕುತ್ತ ಕೇಳಿಸಿಕೊಂಡೆ. ನನಗೆ ಹೇಳಲಿಲ್ಲವಲ್ಲ ಎನ್ನುವುದು ಈಗಲೂ ಚುಚ್ಚುತ್ತದೆ.

ಅಕ್ಕ ಸಾವಿತ್ರಿ ನನಗಿಂತ ನಾಲ್ಕು ವರ್ಷ ದೊಡ್ಡವಳು. ಬ್ರಷ್ ಅದ್ದಿ, ಡಬ್ಬಿಯ ಅಂಚಿಗೆ ಒಮ್ಮೆ ಸವರಿ, ಉಸಿರು ಹಿಡಿದು ಎಳೆದಳೆಂದರೆ 'ರ' ಅಕ್ಷರ ಚಕ್ಕುಲಿಯ ಹಾಗೆ ಸುತ್ತಿ ಕೂರುತ್ತಿತ್ತು. ನನ್ನ ಗೆರೆ ಅರ್ಧಕ್ಕೇ ನಡುಗುತ್ತಿತ್ತು. ಅದಕ್ಕೇ ಅಕ್ಕ ಬರೆದ ಅಂಚಿನೊಳಗೆ ಬಣ್ಣ ತುಂಬುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಬಂದವರೆಲ್ಲ, "ದೊಡ್ಡೋಳ್ಗೆ ಅಪ್ಪನ ಕೈಯೇ ಬಂದದೆ ಕಣ್ರೀ" ಎನ್ನುವರು. ನನಗೆ ಯಾರ ಕೈ ಬಂದಿದೆ ಎಂದು ಯಾರೂ ಹೇಳಲಿಲ್ಲ. ಹೊಟ್ಟೆಕಿಚ್ಚು ಎಂಬ ಪದವನ್ನು ಯಾರು ಕಟ್ಟಿದರೋ, ಅವರು ಅದನ್ನು ಅನುಭವಿಸಿಯೇ ಕಟ್ಟಿರಬೇಕು. ನಿಜವಾಗಿಯೂ ಹೊಟ್ಟೆಯಲ್ಲೇ ಉರಿಯುತ್ತಿತ್ತು. ಒಂದೇ ಒಂದು ಬೋರ್ಡನ್ನು ನಾನು ಮೊದಲಿಂದ ಕೊನೆಯವರೆಗೆ ಬರೆಯಬೇಕು, ಅಪ್ಪ ಅದನ್ನು ನೋಡಿ ಸರಿಯಾಗಿದೆ ಎನ್ನಬೇಕು, ನನಗೆ ಬೇಕಾಗಿದ್ದದ್ದು ಅಷ್ಟೇ.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಕೆ.ಆರ್. ನಗರದ ಕಡೆಯ ಗಿರಣಿ ಯಜಮಾನರೊಬ್ಬರು ದೊಡ್ಡ ಬೋರ್ಡೊಂದನ್ನು ಬರೆಯಲು ಹೇಳಿದರು. ಕೆಳಸಾಲಿನ 'ಚುಂಚನಕಟ್ಟೆ ರಸ್ತೆ'ಯನ್ನು ಅಪ್ಪ ಬೆಳಿಗ್ಗೆಯೇ ಕೆಂಪಿನಲ್ಲಿ ಬರೆದು ಮುಗಿಸಿದ್ದ. ಮೇಲುಸಾಲಿನ 'ಭತ್ತದ ಗಿರಣಿ' ನಾನು ಬರೀಲಾ ಎಂದು ಕೇಳಿದೆ. "ನೀನು ಇನ್ನೊಂದ್ವಸಿ ಕಲ್ತ್ಕೊ, ಇದು ಅಕ್ಕ ಬರೀಲಿ" ಎಂದು ಹೇಳಿ ಪೇಟೆಗೆ ಹೋದ. ನೀಲಿ ಪುಡಿ ಸವರಿದ ದಾರವನ್ನು ಬಿಗಿಯಾಗಿ ಹಿಡಿದು ಮೀಟಿ ಅವನು ಗೆರೆ ಮೂಡಿಸಿಟ್ಟಿದ್ದ. ಅಕ್ಷರಗಳು ಆ ಗೆರೆಯ ಮೇಲೆ ಕೂರಬೇಕು, ಗೆರೆಯ ಕೆಳಗೆ ಒತ್ತಕ್ಷರಗಳಿಗೆಂದು ನಾಲ್ಕು ಬೆರಳು ಜಾಗ. ಒತ್ತುಗಳನ್ನೆಲ್ಲ ಕೊನೆಗೆ ಬರೆಯುವುದು ನಮ್ಮ ಮನೆಯ ಪದ್ಧತಿ. ಅಕ್ಕ ಊಟಕ್ಕೆ ಎದ್ದು ಹೋದಾಗ ನಾನು ಆ ಗೆರೆಯನ್ನು ಒರೆಸಿ, ದಾರದ ತುದಿಯನ್ನು ಮೊಳೆಗೆ ಕಟ್ಟಿ, ಮೂರು ಬೆರಳು ಕೆಳಗೆ ಹೊಸ ಗೆರೆ ಹೊಡೆದೆ.

ಅಕ್ಕ ಬಂದು ಸಾಲು ಪೂರ್ತಿ ಬರೆದಳು. ಭತ್ತದ ಒತ್ತಿಗೆಂದು ಬ್ರಷ್ ಇಳಿಸಿದವಳ ಕೈ ಗಾಳಿಯಲ್ಲೇ ನಿಂತಿತು. ಕೆಳಗೆ ಒಂದು ಬೆರಳಷ್ಟು ಜಾಗವೂ ಸರಿಯಾಗಿಲ್ಲ. ಒರೆಸಿದರೆ ಕೆಳಸಾಲಿನ ಹಸಿ ಕೆಂಪೂ ಕಲಸಿಹೋಗುತ್ತದೆ. ಅಷ್ಟರಲ್ಲಿ ಅಪ್ಪನೂ ಬಂದ, ಯಜಮಾನರ ಟೆಂಪೋವೂ ಬಂತು. ನನಗೆ ಒಳಗೊಳಗೇ ಹಬ್ಬ. ಅಕ್ಕ ನನ್ನ ನೀಲಿ ಬೆರಳುಗಳನ್ನು ಒಮ್ಮೆ ನೋಡಿದಳು. ಸಣ್ಣ ಬ್ರಷ್ಷನ್ನು ಹಳದಿಯಲ್ಲಿ ಅದ್ದಿ, ಆ ಒತ್ತನ್ನು ತೆಳ್ಳಗೆ ಅಡ್ಡಕ್ಕೆ ಎಳೆದಳು. ಅದು 'ದ'ದ ಕೆಳಗೆ ಹಾದು, ತುದಿಯಲ್ಲಿ ಬಾಗಿತು. ಎರಡೂ ಕಡೆ ಕಾಳುಗಳನ್ನಿಟ್ಟಳು. ಒತ್ತಕ್ಷರ ಭತ್ತದ ತೆನೆಯಾಗಿತ್ತು. "ಎಲಾ, ಬೋರ್ಡ್ನಲ್ಲೇ ಭತ್ತ ಬೆಳ್ದವ್ಳಲ್ಲಪ್ಪ ನಿನ್ ಮಗ್ಳು! ಇದ್ನೇ ಮೂಟೆ ಮೇಲೂ ಹಾಕ್ಸಾದೇಯ" ಎಂದು ಯಜಮಾನರು ಕುಣಿದಾಡಿದರು. ಅಪ್ಪ ಅವಳ ತಲೆಯ ಮೇಲೆ ಕೈಯಿಟ್ಟ. ಆಮೇಲೆ ಅಕ್ಕ ನನ್ನ ಹತ್ತಿರ ಬಂದು, "ಕೈ ತೊಳ್ಕೊಂಡ್ ಬಾ, ನಿಂದಿನ್ನೂ ಊಟ ಆಗಿಲ್ಲ" ಎಂದಳು. ಎರಡು ಬಾರಿಸಿದ್ದರೆ ಸಹಿಸಿಕೊಳ್ಳುತ್ತಿದ್ದೆ.

ಆ ತೆನೆ ಮೂಟೆಗಳ ಮೇಲೆ, ಬಿಲ್ಲುಗಳ ಮೇಲೆ, ಗಿರಣಿಯ ಗೋಡೆಯ ಮೇಲೆ ಹೋಗಿ ಕೂತಿತು. ಮೈಸೂರಿನಲ್ಲಿ ನಾನು ಡಿಸೈನ್ ಕಲಿಯುವಾಗ, ನಿಮ್ಮೂರ ಕಡೆಯ ಒಳ್ಳೆಯ ಲೋಗೋ ಒಂದು ತನ್ನಿ ಎಂದು ಮೇಷ್ಟ್ರು ಹೇಳಿದಾಗ ಬೇರೇನನ್ನೋ ಕೊಂಡೊಯ್ದೆ. ಅಕ್ಕ ಮದುವೆಯಾಗಿ ಹೆಗ್ಗಡದೇವನಕೋಟೆಗೆ ಹೋದಳು. ಅಲ್ಲಿನ ಅಂಗನವಾಡಿ ಗೋಡೆಗೆ ಕಾಗುಣಿತ ಬರೆದದ್ದು ಬಿಟ್ಟರೆ ಬ್ರಷ್ ಮುಟ್ಟಲಿಲ್ಲ. ಮಕ್ಕಳು ಆ ಅಕ್ಷರಗಳನ್ನು ಬೆರಳಿನಿಂದ ತೀಡುವುದನ್ನು ನೋಡಿ, ಅದಕ್ಕೂ ಹೊಟ್ಟೆ ಉರಿದುಕೊಂಡೆ. ಅಪ್ಪ ಹೋದ. ಎರಡು ವರ್ಷದ ಹಿಂದೆ ಒಂದು ಜ್ವರದಲ್ಲಿ ಅಕ್ಕನೂ ಹೋದಳು. ನಾನು ಬಿಕ್ಕಿ ಬಿಕ್ಕಿ ಅತ್ತೆ, ಆ ಅಳು ಸುಳ್ಳಲ್ಲ.

ಹೋದ ವಾರ ಆ ಯಜಮಾನರ ಮೊಮ್ಮಗ ನನ್ನ ಅಂಗಡಿಗೆ ಬಂದ. "ಅಕ್ಕಿ ಪ್ಯಾಕೆಟ್ಗೆ ಹೊಸ ಡಿಸೈನ್ ಬೇಕಕ್ಕ. ಈ ತೆನೆ ಹಳೇದಾಯ್ತು, ತೆಗೆದ್ಬುಡಿ." ಈ ಮಾತಿಗಾಗಿ ನಾನು ಎಷ್ಟು ವರ್ಷ ಕಾದಿದ್ದೆ! ಕಂಪ್ಯೂಟರಿನಲ್ಲಿ ಒಂದೇ ಗುಂಡಿ ಒತ್ತಿ ತೆನೆಯನ್ನು ತೆಗೆದೆ. ಇಬ್ಬರೂ ನೋಡಿದೆವು. ತೆನೆಯಿಲ್ಲದ ಪ್ಯಾಕೆಟ್ಟು, ಅಂಗಡಿಯಲ್ಲಿ ಸಾಲಾಗಿಟ್ಟ ನೂರು ಪ್ಯಾಕೆಟ್ಟುಗಳಲ್ಲಿ ಇನ್ನೊಂದಾಗಿ ಕಂಡಿತು. "ಬ್ಯಾಡ ಕಣಕ್ಕ, ಅದು ಅಲ್ಲೇ ಇರ್ಲಿ. ಯಾರು ಬರ್ದಿದ್ದು ಇದು?" ಎಂದ. ಅಕ್ಕನ ಹೆಸರು ನಾಲಿಗೆಯ ತುದಿಗೆ ಬಂದಿತ್ತು. "ನಾನೇ" ಎಂದೆ. ಅವನಿಗೆ ಖುಷಿಯೋ ಖುಷಿ. "ಅಂಗಾರೆ ರಾಗಿ ಹಿಟ್ಟಿನ ಪ್ಯಾಕೆಟ್ಗೂ ಇಂಥದ್ದೇ ಒಂದು ತೆನೆ ನಿಮ್ ಕೈಲೇ ಬರ್ದ್ಕೊಡಿ. ಸೋಮವಾರ ಬತ್ತೀನಿ."

ಅಂದಿನಿಂದ ಹಾಳೆಯ ಮೇಲೆ ಹಾಳೆ ಹರಿಯುತ್ತಿದ್ದೇನೆ. ಬರೆದ ರಾಗಿ ತೆನೆಯೆಲ್ಲ ಕೋಳಿಕಾಲಾಗುತ್ತಿದೆ. ಅಕ್ಕನಿದ್ದಿದ್ದರೆ ಮೂರು ಎಳೆತಕ್ಕೆ ಮುಗಿಸಿ, ನನ್ನ ಹೆಸರಿಗೇ ಬಿಟ್ಟುಕೊಡುತ್ತಿದ್ದಳು. ಹೆಗ್ಗಡದೇವನಕೋಟೆಯ ಬಸ್ಸು ಈಗಲೂ ನನ್ನ ಅಂಗಡಿಯ ಮುಂದೆಯೇ ಹಾದುಹೋಗುತ್ತದೆ. ಅಷ್ಟು ವರ್ಷ ಅವಳು ಅಲ್ಲಿದ್ದಳು. ಹತ್ತಿ ಹೋಗಿ, ಒಂದು ಬರ್ಕೊಡಕ್ಕ ಎಂದು ನಾನು ಒಮ್ಮೆಯೂ ಕೇಳಲಿಲ್ಲ.