ಏಳನೆಯ ಉಂಗುರಕ್ಕೆ ದಾರ

ಸೇಡಂ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ದಶರಥನ ಮೋಟರ್ ವೈಂಡಿಂಗ್ ಅಂಗಡಿ. ಮೂವತ್ತೆಂಟು ವರ್ಷ ತಾಮ್ರದ ತಂತಿ ಸುತ್ತಿದ ಕೈ ಅದು, ಸುಮ್ಮನೆ ಕುಳಿತರೂ ಬೆರಳುಗಳು ಸುಮ್ಮನಿರುವುದಿಲ್ಲ. ಊಟಕ್ಕೆ ಕುಳಿತಾಗ ಪಂಚೆಯ ಅಂಚನ್ನೇ ಸುತ್ತುತ್ತಾನೆಂದು ಹೆಂಡತಿ ಮಾಣಿಕಮ್ಮ ಬೈಯುತ್ತಾಳೆ. ಈ ಸಲ ಮಾತ್ರ ಆತ ಸುತ್ತಲು ಕುಳಿತದ್ದು ಗಾಳದ ಕೋಲಿಗೆ, ನೂಲು ಹಾಯುವ ಉಂಗುರಗಳನ್ನು. ಅದೂ ತನಗಲ್ಲ, ಶೌಕತ ಅಲಿಗೆ.

ಶೌಕತ ಶಹಾಬಾದಿನ ಕಲ್ಲಿನ ಗಣಿಯಲ್ಲಿ ದುಡಿದವನು. ಮೂವತ್ತು ವರ್ಷ, ಭಾನುವಾರ ಬಂತೆಂದರೆ ಸೇಡಂಗೆ ಹಾಜರು. ಇಬ್ಬರೂ ಕಾಗಿಣಾ ನದಿಯ ದಂಡೆಯಲ್ಲಿ ಗಾಳ ಹಾಕಿ ಕುಳಿತರೆ ಮೀನು ಸಿಕ್ಕಿದ್ದು ಕಡಿಮೆ, ಮಾತು ಸಿಕ್ಕಿದ್ದೇ ಹೆಚ್ಚು. ಎಂಥ ಸುಖದ ದಿನಗಳು ಅವು! ಬುತ್ತಿ ಕಟ್ಟಿಕೊಡುತ್ತಿದ್ದವಳು ಶೌಕತನ ಹೆಂಡತಿ ಹಮೀದಾಬೇಗಂ. ಆಕೆ ಕಸೂತಿ ಹಾಕುವವಳು. ದಶರಥ ಬಿದಿರಿನ ಕೋಲಿಗೆ ಉಂಗುರಗಳನ್ನು ತಂತಿಯಿಂದ ಬಿಗಿದದ್ದು ನೋಡಿ ಒಮ್ಮೆ ನಕ್ಕುಬಿಟ್ಟಳು. ಹಸಿರು ರೇಷ್ಮೆ ದಾರದ ಉಂಡೆ ತಂದು ಕೈಗಿಟ್ಟಳು.

"ಗಂಟು ಹಾಕಬ್ಯಾಡ್ರಿ, ದಶರಥಭಾಯಿ. ಸುತ್ತಿನ ಕೆಳಗ ಒಂದು ಕುಣಿಕಿ ಇಡ್ರಿ, ದಾರದ ತುದಿ ಅದರಾಗ ಹಾಕಿ ಎಳೀರಿ. ತುದಿ ಒಳಗೇ ಮುಚ್ಚಿಹೋಗ್ತದ."

ಹಮೀದಾ ತೀರಿಕೊಂಡು ಎರಡು ವರ್ಷ. ಅಂದಿನಿಂದ ಶೌಕತ ನದಿಯ ಕಡೆ ಮುಖ ಹಾಕಿಲ್ಲ. ಫೋನು ಮಾಡಿದರೆ "ಬರ್ತೀನಿ ಬಿಡೋ" ಅನ್ನುತ್ತಾನೆ, ಬರುವುದಿಲ್ಲ. ಕೊನೆಗೆ ದಶರಥ ಹೇಳಿದ: "ನಿನಗ ಹೊಸಾ ಕೋಲು ಮಾಡಾಕತ್ತೀನಿ. ಈ ಐತಾರ ಬಾ. ಇದಕ್ಕೂ ಬರಲಿಲ್ಲಂದ್ರ ನಾ ಇನ್ನ ಕರಿಯಂಗಿಲ್ಲ ನೋಡು."

ಹಮೀದಾ ಕೊಟ್ಟ ಉಂಡೆಯಲ್ಲಿ ಉಳಿದಿದ್ದ ಹಸಿರು ದಾರ ಏಳು ಉಂಗುರಕ್ಕೆ ಸರಿಯಾಗಿ ಸಾಲುವಷ್ಟು. ಕೂದಲೆಳೆಯ ಸಂದು ಬಿಡದೆ ಸುತ್ತಿದ. ಶನಿವಾರ ಬೆಳಿಗ್ಗೆ ವಾರ್ನಿಶ್ ಹಚ್ಚಿದ. ಅಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು. ಹುಟ್ಟುಗುಣ ಸುಟ್ಟರೂ ಹೋಗದು! ಮೋಟರಿನ ಸುರುಳಿ ಒಣಗಿಸುವ ಹಾಗೆ ಕೋಲಿನ ತುದಿಯನ್ನು ತಗಡಿನ ಪೆಟ್ಟಿಗೆಯೊಳಗೆ ಇಟ್ಟು, ಇನ್ನೂರು ವ್ಯಾಟಿನ ಬಲ್ಬು ಹಚ್ಚಿ ಊಟಕ್ಕೆ ಹೋದ. ಬಂದು ನೋಡಿದರೆ ಬಿದಿರು ಸೊಟ್ಟಗಾಗಿತ್ತು, ತುದಿ ಸೀಳಿತ್ತು. ಸೀಳಿದ ತುದಿಯನ್ನು ನಾಲ್ಕು ಬೆರಳಿನಷ್ಟು ಕತ್ತರಿಸಬೇಕಾಯಿತು. ಏಳನೆಯ ಉಂಗುರ ಕೈಗೆ ಬಂತು. ಅದರ ದಾರ ಗಟ್ಟಿಯಾಗಿ ಪುಡಿಪುಡಿಯಾಯಿತು.

"ಬ್ಯಾರೆ ದಾರ ಹಾಕ್ರಲ್ಲ, ಅಂಗಡ್ಯಾಗ ಸಿಗಂಗಿಲ್ಲೇನು?" ಅಂದಳು ಮಾಣಿಕಮ್ಮ.

ದಶರಥ ಏಳನೆಯ ಉಂಗುರವನ್ನು ಕಿಸೆಗೆ ಹಾಕಿಕೊಂಡ.

ಭಾನುವಾರ ಹತ್ತಕ್ಕೆ ಶೌಕತ ಬಂದೇಬಿಟ್ಟ. ಬಡವಾಗಿದ್ದ, ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ದಶರಥ ನಾಚಿಕೊಂಡೇ ಸೊಟ್ಟ ಕೋಲು ಮುಂದೆ ಹಿಡಿದು, ನಡೆದದ್ದು ಹೇಳಿದ.

"ಕೋಲು ಸುಟ್ಟೀಯಲ್ಲೋ ಬೇವಕೂಫ್! ಇದೇನು ಮೋಟರ್ ಏನೋ?" ಶೌಕತ ಕಣ್ಣಲ್ಲಿ ನೀರು ಬರುವ ತನಕ ನಕ್ಕ. ಆಮೇಲೆ ಬೆರಳಿಂದ ಒಂದೊಂದೇ ಉಂಗುರ ಸವರುತ್ತ ಬಂದ. ಆರನೆಯದರ ಬಳಿ ಕೈ ನಿಂತಿತು, ನಗುವೂ ನಿಂತಿತು.

"ಬೇಗಂದು ದಾರಾ."

"ಹೌದು. ತೀರಿಹೋಯ್ತು."

ಶೌಕತ ಕಿಸೆಯಿಂದ ಎಲೆ ಅಡಿಕೆಯ ಬಟುವಾ ತೆಗೆದ. ಅದರ ಅಂಚಿನ ತುಂಬ ಹಮೀದಾ ಹಾಕಿದ ಹಸಿರು ಕಸೂತಿ. ಸೂಜಿ ಕೇಳಿ ಇಸಿದುಕೊಂಡು ಬಿಚ್ಚತೊಡಗಿದ.

"ಏ, ಬಟುವಾ ಕೆಡ್ತದೋ!"

"ಅಡಿಕಿ ಕಿಸೇದಾಗ ಹಾಕ್ಕೊಂತೀನಿ. ನೀ ಸುತ್ತು."

ಒಂದು ಮೊಳ ದಾರ ಸಿಕ್ಕಿತು, ಹನ್ನೆರಡು ಸುತ್ತಿಗೆ ಸಾಕಾಯಿತು. ದಶರಥ ಏಳನೆಯ ಉಂಗುರ ಕೋಲಿಗೆ ಕೂರಿಸಿ, ಕುಣಿಕೆ ಇಟ್ಟು ಸುತ್ತಿ ಎಳೆದ, ತುದಿ ಒಳಗೆ ಮುಚ್ಚಿಹೋಯಿತು. ವಾರ್ನಿಶ್ ಹಚ್ಚಿ, ರೂಢಿಯಂತೆ ಬಲ್ಬಿನ ಕಡೆ ಕೈ ಚಾಚಿದ. ಶೌಕತ ಅದರ ವೈರು ಕಿತ್ತು ತನ್ನ ತೊಡೆಯ ಕೆಳಗೆ ಇಟ್ಟುಕೊಂಡು ಕುಳಿತ.

"ಗಾಳಿಗೇ ಒಣಗಲಿ. ಮುಂದಿನ ಐತಾರ ಬರ್ತೀನಿ."