ಮರಳಂಕಣದಲ್ಲಿ ಭಾವನ ಜೋಡಿ

ಮಾಲೂರಿನಲ್ಲಿ ಮುಚ್ಚಿಹೋದ ಒಂದು ಹೆಂಚಿನ ಕಾರ್ಖಾನೆಯ ಅಂಗಳಕ್ಕೆ ಮರಳು ತುಂಬಿಸಿಕೊಂಡು ನಾವು ಬೀಚ್ ವಾಲಿಬಾಲ್ ಆಡುತ್ತೇವೆ. ನಮ್ಮಲ್ಲಿ ಅನೇಕರು ಸಮುದ್ರವನ್ನೇ ನೋಡಿಲ್ಲ. ಆದರೂ ಆ ಜಾಗಕ್ಕೆ ‘ಬೀಚು’ ಎಂದೇ ಹೆಸರು. ಮೂರು ಕಡೆ ಎತ್ತರದ ಗೋಡೆ, ಒಂದು ಕಡೆ ಗೇಟು. ಒಂದೊಂದು ಬದಿಗೆ ಇಬ್ಬರೇ ಆಟಗಾರರು; ಬದಲಿಗೆ ಯಾರೂ ಇರುವುದಿಲ್ಲ.

ನನ್ನ ಜೋಡಿ ಅಕ್ಕನ ಗಂಡ. ಮುಳಬಾಗಿಲಿನಲ್ಲಿ ಟೈರ್ ಅಂಗಡಿ ಇಟ್ಟಿದ್ದ ಭಾವನೇ ನನಗೆ ಆಟ ಕಲಿಸಿದ್ದು. ಶ್ರೀನಿವಾಸಪುರದವರ ಮೇಲೆ ಮೊದಲ ಸಲ ಗೆದ್ದ ದಿನ ನನ್ನ ಕಣ್ಣಿಗೆ ಮರಳು ಬಿದ್ದು ಏನೂ ಕಾಣುತ್ತಿರಲಿಲ್ಲ. “ನೋಡ್ಬೇಡ್ಲಾ, ಎಗರು! ಚೆಂಡು ನಿನ್ ಕೈಗೇ ಬರುತ್ತೆ” ಎಂದು ಕೂಗಿ ಭಾವ ಚೆಂಡನ್ನು ನೆಟ್ಟಿನ ಹತ್ತಿರ ಮೇಲಕ್ಕೆ ಎತ್ತಿಕೊಟ್ಟರು. ಎಗರಿದೆ. ಚೆಂಡು ಕೈಗೇ ಬಂತು. ಅವರನ್ನು ನಾನು ನಂಬಿದ್ದು ಹಾಗೆ.

ಹೋದ ವರ್ಷ ಮಾವಿನ ಸುಗ್ಗಿಯ ಹೊತ್ತಿಗೆ ಅಕ್ಕ ಮಗಳ ಕೈ ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ಅಕ್ಕನ ಎಡಗೆನ್ನೆ ಊದಿತ್ತು. ಅಮ್ಮ ಬಾಯಿ ತೆರೆಯುವ ಮೊದಲೇ ಹೇಳಿಬಿಟ್ಟಳು, “ಇದು ಮೊದಲ್ನೇ ಸಲ ಅಲ್ಲ. ಇನ್ನು ಹೋಗಲ್ಲ.”

ಅಷ್ಟರಲ್ಲೇ ಪಂದ್ಯಾವಳಿ ಬಂತು. ಪಂದ್ಯ ನಡೆಸುವ ಸಾಬರು ವಯಸ್ಸಾದವರು, ಬಸ್ ಸ್ಟ್ಯಾಂಡಿನ ಹತ್ತಿರ ಹೊಲಿಗೆ ಅಂಗಡಿ ಅವರದು. ನಾನು ಬರುವುದಿಲ್ಲ ಎಂದೆ.

“ಯಾರ್ಗ್ ಯಾರು ಎದುರು ಅಂತ ಡ್ರಾ ತೆಗೆದಾಯ್ತು ಬೇಟಾ. ಯಾಕೆ ಬರ್ಲಿಲ್ಲಾಂತ ಎಲ್ರೂ ಕೇಳ್ತಾರೆ, ಏನ್ ಹೇಳ್ಲಿ?” ಎಂದರು.

ಮನೆಯಲ್ಲಿ ಅಕ್ಕನೂ ಆಡು ಎಂದೇ ಹೇಳಿದಳು. “ಬೀದಿಯಲ್ಲಿ ನನ್ ಸುದ್ದಿ ಆಡ್ಕೊಳ್ಳೋದು ಬೇಡ ಕಣೋ. ಹೋಗಿ ಆಡ್ಬಿಟ್ ಬಾ.”

ಮೊದಲ ಪಂದ್ಯದಲ್ಲಿ ಭಾವನ ಮುಖ ನೋಡದೆ ಆಡಿದೆ. ನಮ್ಮಿಬ್ಬರ ನಡುವೆ ಬಿದ್ದ ಚೆಂಡನ್ನು ಇಬ್ಬರೂ ಮುಟ್ಟಲಿಲ್ಲ. “ಕೂಗ್ಲಾ! ಬಾಯಿಲ್ವಾ?” ಎಂದರು ಭಾವ. ಚೆಂಡು ಯಾರದೆಂದು ಕೂಗದೆ ಈ ಆಟ ಆಡಲಾಗುವುದಿಲ್ಲ. ಮುಂದಿನ ಚೆಂಡಿಗೆ ನನಗೇ ಗೊತ್ತಿಲ್ಲದೆ “ನಿಮ್ದು ಭಾವ!” ಎಂದುಬಿಟ್ಟೆ. ಜನ ಸಿಳ್ಳೆ ಹಾಕಿದರು. ನಾಲಿಗೆ ಕಚ್ಚಿಕೊಳ್ಳುವ ಹಾಗಾಯಿತು.

ಸೋತಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಚೆಂಡು ಎದುರಿಗೆ ಬಂದರೆ ಕೈ ಸುಮ್ಮನಿರುತ್ತಿರಲಿಲ್ಲ. ಗೆದ್ದಷ್ಟೂ ಇನ್ನೊಂದು ಪಂದ್ಯ ಅವರ ಜೊತೆಗೇ ಆಡಬೇಕಿತ್ತು. ಫೈನಲ್ಲಿನಲ್ಲಿ ಮತ್ತೆ ಶ್ರೀನಿವಾಸಪುರದವರೇ ಎದುರಾದರು. ಅಂಕಣದ ಬದಿ ಬದಲಿಸುವಾಗ ಭಾವ ನೀರಿನ ಬಾಟಲಿ ಚಾಚಿ ಮೆಲ್ಲಗೆ ಕೇಳಿದರು, “ಮಗು ನನ್ ಕೇಳ್ತಾಳಾ?”

ಕೇಳುತ್ತಿದ್ದಳು. ದಿನವೂ ಕೇಳುತ್ತಿದ್ದಳು. ನಾನು ಬಾಟಲಿ ಮುಟ್ಟದೆ ಸರ್ವ್ ಮಾಡಲು ಹೋದೆ.

ಕೊನೆಯ ಪಾಯಿಂಟಿಗೆ ಅವರು ಮರಳಿನ ಮೇಲೆ ಉದ್ದಕ್ಕೆ ಬಿದ್ದು ಚೆಂಡೆತ್ತಿದರು, ನಾನು ಹೊಡೆದೆ. ಗೆದ್ದೆವು. ಸಾಬರು ನಮ್ಮನ್ನು ಅಕ್ಕಪಕ್ಕ ನಿಲ್ಲಿಸಿ, “ಹೆಗಲ ಮೇಲ್ ಕೈ ಹಾಕ್ರಪ್ಪಾ, ಭಾವ ಬಾಮೈದ!” ಎಂದರು. ಅಂಕಣದ ಸುತ್ತ ಜನ. ಹೆಂಡತಿಯ ಕೆನ್ನೆಗೆ ಹೊಡೆದ ಆ ಕೈ ನನ್ನ ಹೆಗಲ ಮೇಲೆ ಕೂತಿತು. ಫೋಟೊ ತೆಗೆಯುವವನು ಮೊಬೈಲನ್ನು ಅಡ್ಡ ಹಿಡಿದು, ಉದ್ದ ಹಿಡಿದು, ಎಷ್ಟು ಹೊತ್ತು ಮಾಡಿದನೋ.

ಗೇಟಿನ ಹತ್ತಿರ ಭಾವ ಬೈಕ್ ನಿಲ್ಲಿಸಿಕೊಂಡು ಕಾಯುತ್ತಿದ್ದರು. “ಕೂತ್ಕೋ. ಇಬ್ರೂ ಮನೆಗ್ ಹೋಗೋಣ. ನೀನ್ ಜೊತೇಲಿದ್ರೆ ಅವ್ಳು ಬಾಗ್ಲು ತೆಗೀತಾಳೆ.”

“ಅದಕ್ಕೇ ಬರಲ್ಲ ಭಾವ. ಅವ್ಳು ಕರೆದ್ರೆ ಬನ್ನಿ. ನನ್ನ ಹಿಂದೆ ಬರ್ಬೇಡಿ” ಎಂದೆ. ಅವರು ಗಾಡಿ ಸ್ಟಾರ್ಟ್ ಮಾಡಿ ಮುಳಬಾಗಿಲಿಗೆ ಹೊರಟರು.

ನಾನು ಮನೆ ಸೇರುವ ಮೊದಲೇ ಫೋಟೊ ಅಕ್ಕನ ಮೊಬೈಲಿಗೆ ಬಂದಿತ್ತು. ಮಗಳು ಅದನ್ನು ಎದೆಗೊತ್ತಿಕೊಂಡು ಕೂತಿದ್ದಳು. ಅಕ್ಕ ನನಗೆ ಊಟ ಬಡಿಸಿದಳು.

ಈಗ ಅಕ್ಕ ಗಾರ್ಮೆಂಟ್ಸಿಗೆ ಹೋಗುತ್ತಾಳೆ. ಭಾವನನ್ನು ಅವಳು ಕರೆದಿಲ್ಲ. ನಮ್ಮ ಜೋಡಿ ಒಡೆದರೆ ಕಾರಣ ಹೇಳಬೇಕಾಗುತ್ತದೆ ಎಂದು ನಾನು ಪ್ರತಿ ಭಾನುವಾರ ಅವರ ಪಕ್ಕದಲ್ಲಿ ನಿಂತು ಆಡುತ್ತಲೇ ಇದ್ದೇನೆ.