ಒಪ್ಪಲಿಲ್ಲ, ಅಡ್ಡ ನಿಲ್ಲಲಿಲ್ಲ

ಯಲ್ದೂರಿನ ಪಕ್ಕದ ಹಳ್ಳಿಯಲ್ಲಿ ಆದಿಲಕ್ಷ್ಮಮ್ಮನನ್ನು ಎಲ್ಲರೂ ಶಿಶುವಿಹಾರದಮ್ಮ ಎಂದೇ ಕರೆಯುವುದು. ಮಾವಿನ ತೋಪಿಗೆ ಕೂಲಿಗೆ ಹೋಗುವವರ ಎಳೆಕೂಸುಗಳನ್ನು ಮಹಿಳಾ ಸಂಘದ ಒಂಟಿ ಕೋಣೆಯಲ್ಲಿ ಮೂವತ್ತೊಂದು ವರ್ಷ ನೋಡಿಕೊಂಡವಳು. ಗಂಡ ಕೋದಂಡರಾಮಪ್ಪ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಒಂದು ಹನಿ ಕಣ್ಣೀರು ಬಂದಿರಲಿಲ್ಲ. ಕೂಸು ಅತ್ತರೆ ಎತ್ತಿಕೊಳ್ಳುತ್ತಿದ್ದಳು, ನಿದ್ದೆ ಹೋದರೆ ಇಳಿಸುತ್ತಿದ್ದಳು. ಅಷ್ಟೇ.

ಈಗ ಆ ಕೋಣೆ ಡೇರಿಯವರಿಗೆ ಬೇಕಾಗಿತ್ತು. ಹಾಲು ತಂಪು ಮಾಡುವ ಮಿಷನ್ ಅಲ್ಲಿಟ್ಟರೆ ಹೆಂಗಸರು ದಿನಾ ಬೆಳಗ್ಗೆ ಕ್ಯಾನು ಹೊತ್ತು ಯಲ್ದೂರಿಗೆ ನಡೆಯುವುದು ತಪ್ಪುತ್ತಿತ್ತು. ಸಂಘದ ಹದಿನಾಲ್ಕು ಜನ ಹೂಂ ಅಂದಿದ್ದರು. ಆದಿಲಕ್ಷ್ಮಮ್ಮ ಒಬ್ಬಳು ಏನೂ ಅಂದಿರಲಿಲ್ಲ. ಹಾಗಾಗಿ ಮೂರು ಶುಕ್ರವಾರದ ಸಭೆಯಿಂದ ಮಾತು ಅಲ್ಲೇ ನಿಂತಿತ್ತು.

ಊರಲ್ಲಿ ಬೇರೆ ಎಲ್ಲಾದರೂ ಸುಮ್ಮನಿದ್ದರೆ ಒಪ್ಪಿದ ಹಾಗೆ. ಈ ಸಂಘದಲ್ಲಿ ಹಾಗಲ್ಲ. ಇದನ್ನು ಶುರುಮಾಡಿದ್ದು, ನೀರಿಲ್ಲದ ವರ್ಷ ಬಾವಿ ತೋಡಿಸಲು ಬಂದ ಇಂಗ್ಲೆಂಡಿನ ಒಬ್ಬ ಹೆಂಗಸು, ಕ್ವೇಕರ್ ಎಂಬ ಕ್ರೈಸ್ತ ಪಂಗಡದವಳು. ಆಕೆಯ ಮತದಲ್ಲಿ ಪೂಜಾರಿ ಇಲ್ಲ, ಪಾದ್ರಿ ಇಲ್ಲ. ಸುತ್ತ ಕೂತು ಮೌನವಾಗಿರುವುದೇ ಪ್ರಾರ್ಥನೆ. ಮುನ್ನೂರೈವತ್ತು ವರ್ಷದ ಹಿಂದೆ ದೊಡ್ಡವರ ಮುಂದೆ ಟೋಪಿ ತೆಗೆಯಲಿಲ್ಲ, ಕೋರ್ಟಿನಲ್ಲಿ ಆಣೆ ಇಡಲಿಲ್ಲ ಎಂದು ಆಕೆಯ ಹಿರೀಕರನ್ನು ಜೈಲಿಗೆ ಹಾಕಿದ್ದರಂತೆ. ಯಾವತ್ತೂ ನಿಜ ಹೇಳುವವರಿಗೆ ಆಣೆ ಯಾಕೆ ಅನ್ನುವುದು ಅವರ ವಾದ. ಅದನ್ನು ಕೇಳಿ ಸಂಘದ ಮೊದಲ ಸದಸ್ಯರಲ್ಲಿ ಒಬ್ಬಳಾದ ಚಿಕ್ಕಗಂಗಮ್ಮ, "ನಮ್ಮೂರಲ್ಲಿ ಚಪ್ಪಲಿ ಕೈಯಲ್ಲಿ ಹಿಡೀಲಿಲ್ಲಾಂತ ಹೊಡೀತಿದ್ರು, ಅಲ್ಲಿ ಟೋಪಿ ತೆಗೀಲಿಲ್ಲಾಂತ. ಎಲ್ಲಾ ಕಡೆ ಒಂದೇ ಕಣೇ" ಅಂದಿದ್ದಳು.

ಆ ಇಂಗ್ಲೆಂಡಿನಾಕೆ ವಾಪಸು ಹೋಗಿ ಬಹಳ ಕಾಲವಾಯಿತು. ಆಕೆಯ ಮತಕ್ಕೆ ಯಾರೂ ಸೇರಲಿಲ್ಲ. ಪದ್ಧತಿ ಮಾತ್ರ ಉಳಿಯಿತು. ಎಲ್ಲ ಜಾತಿಯವರಿಗೂ ಒಂದೇ ಚಾಪೆ, ಮೊದಲು ಹತ್ತು ನಿಮಿಷ ಮೌನ. ಕೈ ಎತ್ತಿಸಿ ಎಣಿಸುವಂತಿಲ್ಲ, ಒಬ್ಬಳು ಅಡ್ಡ ನಿಂತರೂ ಕೆಲಸ ಮುಂದೆ ಹೋಗುವಂತಿಲ್ಲ. ಪ್ರತಿಯೊಬ್ಬಳೂ ತನ್ನೊಳಗೆ ಇದ್ದದ್ದನ್ನು ಬಾಯಿಬಿಟ್ಟು ಹೇಳಬೇಕು, ಇಲ್ಲದ್ದನ್ನು ಹೇಳಬಾರದು.

ನಾಲ್ಕನೇ ಶುಕ್ರವಾರ ಮೌನ ಮುಗಿದದ್ದೇ, ಹೊಸದಾಗಿ ಸೇರಿದ ವಾಣಿಶ್ರೀ ಬಾಯಿ ತೆಗೆದಳು. "ಸೋಮವಾರದೊಳಗೆ ಹೇಳ್ಲಿಲ್ಲಾಂದ್ರೆ ಮಿಷನ್ ಬೇರೆ ಊರಿಗೆ ಕೊಡ್ತಾರಂತೆ. ಕೈ ಎತ್ಸಿಬಿಡಿ ಸುನಂದಕ್ಕ, ಮುಗೀತದೆ."

ಸಂಘದ ಪುಸ್ತಕ ಬರೆಯುವ ಸುನಂದ ಪೆನ್ನಿಗೆ ಕ್ಯಾಪು ಹಾಕಿದಳು. "ಹಂಗೆ ಬರೆಯೋ ಪುಸ್ತಕ ಅಲ್ಲಮ್ಮ ಇದು."

ಕ್ಯಾನು ಹೊತ್ತು ನಡೆದು ಊದಿದ ಮಂಡಿ ಚಾಚಿಕೊಂಡು ಕೂತಿದ್ದ ಕರೀಮುನ್ನೀಸಾ ತನ್ನ ಹಳೇ ಗೆಳತಿಯ ಕಡೆ ತಿರುಗಿದಳು. "ಏನೇ ಲಕ್ಷ್ಮೀ, ಹೂಂ ಅನ್ನು, ಇಲ್ಲ ಉಹೂಂ ಅನ್ನು. ಬಾಯಿಗೆ ಬೀಗ ಹಾಕಿ ಕೀ ನಿನ್ನ ಗಂಡ ತಗೊಂಡೋದ್ನಾ?"

ಒಂದಿಬ್ಬರು ನಕ್ಕರು. ಆದಿಲಕ್ಷ್ಮಮ್ಮನಿಗೆ ಸಿಟ್ಟೂ ಬರಲಿಲ್ಲ. ಕೋಣೆ ಹೋದರೆ ಕೂಸುಗಳು ಹೋಗುತ್ತವೆ, ಬೆಳಗಿನಿಂದ ಸಂಜೆಯ ತನಕ ತನಗೆ ಕೂರಲು ಇನ್ನೊಂದು ಜಾಗವಿಲ್ಲ ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದರೂ ಒಳಗೆ ಏನೂ ಅಲುಗಾಡುತ್ತಿರಲಿಲ್ಲ. ಇನ್ನೊಬ್ಬರ ಮನೆಯ ಸುದ್ದಿ ಕೇಳಿದ ಹಾಗಿತ್ತು.

"ಈ ಕೋಣೆ ಬಿಟ್ರೆ ನಂಗೇನಿಲ್ಲ. ಅದಕ್ಕೇ ಹೂಂ ಅನ್ನಕ್ಕಾಗಲ್ಲ," ಎಂದಳು. "ಬೇಡ ಅನ್ನೋಣಾಂದ್ರೆ ಸಂಕಟಾನೇ ಆಗ್ತಿಲ್ಲ. ಇವಳ ಮಂಡಿ ಬೇರೆ ಕಣ್ಣಿಗೆ ಬೀಳ್ತದೆ. ನಾನು ಒಪ್ಪಲ್ಲ. ಅಡ್ಡಾನೂ ನಿಲ್ಲಲ್ಲ. ಇದ್ದಂಗೇ ಬರ್ಕೊ."

"ಅಂದ್ರೆ ಒಪ್ಪಿದಂಗೇ ಅಲ್ವಾ?" ವಾಣಿಶ್ರೀ ಕೇಳಿದಳು.

"ಅಲ್ಲ," ಎಂದರು ಮೂರು ನಾಲ್ಕು ಜನ ಒಟ್ಟಿಗೆ.

ಸುನಂದ ಬರೆದು ಓದಿದಳು. "ಆದಿಲಕ್ಷ್ಮಮ್ಮನಿಗೆ ಒಪ್ಪಿಗೆಯಿಲ್ಲ. ಆದರೂ ಅಡ್ಡ ನಿಲ್ಲುವುದಿಲ್ಲ. ಸರಿಯಾ ಅಕ್ಕ?"

"ಸರಿ."

"ಅವಳ ಪಕ್ಕ ನನ್ನ ಹೆಸರೂ ಬರಿ," ಎಂದಳು ಕರೀಮುನ್ನೀಸಾ.

"ನೀನು ಒಪ್ಪಿದ್ದೀಯಲ್ಲ?"

"ಒಪ್ಪಿದ್ದೀನಿ. ಎರಡು ಎಮ್ಮೆ ಅವೆ ನಂಗೆ. ಆದ್ರೂ ಬರಿ."

"ಅದು ಸುಳ್ಳಾಗ್ತದೆ. ಬರೆಯಕ್ಕಾಗಲ್ಲ."

"ಏನ್ ಪುಸ್ತಕಾನೋ," ಎಂದು ಕರೀಮುನ್ನೀಸಾ ಗೊಣಗಿದಳು.

ಸೋಮವಾರ ಮಿಷನ್ ಬಂತು. ಬಾಗಿಲು ಸಾಲದೆ ಗೋಡೆ ಒಡೆದರು. ಆದಿಲಕ್ಷ್ಮಮ್ಮ ಕೊನೆಯ ಕೂಸನ್ನು ಸೊಂಟದ ಮೇಲೆ ಕೂರಿಸಿಕೊಂಡು ಹೋಗಿ ಅದರ ಅಜ್ಜಿಗೆ ಕೊಟ್ಟು ಬಂದಳು.

ಮುಂದಿನ ವಾರ ಒಂದು ಬೆಳಗ್ಗೆ ಕಾಲು ತಾನಾಗಿ ಅವಳನ್ನು ಕೋಣೆಯ ಮುಂದೆ ತಂದು ನಿಲ್ಲಿಸಿತು. ಒಳಗೆ ಮಿಷನ್ ಗುಂಯ್ ಅನ್ನುತ್ತಿತ್ತು. ಹಾಲು ಹಾಕಿ ಹೊರಗೆ ಬಂದ ಕರೀಮುನ್ನೀಸಾ ಖಾಲಿ ಕ್ಯಾನನ್ನು ಅವಳ ಕೈಗೆ ಕೊಟ್ಟು ಮುಂದೆ ನಡೆದಳು. ಆದಿಲಕ್ಷ್ಮಮ್ಮ ಅದನ್ನು ಹಿಡಿದುಕೊಂಡು ಹಿಂದೆ ಹೋದಳು. ಎಮ್ಮೆ ಕೊಟ್ಟಿಗೆಯ ತನಕ ಹೋದಳು, ಕ್ಯಾನು ತೊಳೆದು ಬೋರಲು ಹಾಕಿದಳು, ಅಲ್ಲೇ ಕೂತಳು.